ಹರಳೆಣ್ಣೆ ವಾಸನೆಯ ಕಾಫಿ

ಬೆಳಗೋಡಿನ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ಇವತ್ತು ಬೆಳಿಗ್ಗೆ ಆಲೂರಿನಲ್ಲಿ ನನ್ನ ಕೈಗೊಂದು ಕಾಫಿಪುಡಿಯ ಪೊಟ್ಟಣ ಕೊಟ್ಟ. ತಿಂಗಳಿಗೊಂದು ಬರುತ್ತದೆ, ನನ್ನಕ್ಕ ಕಳಿಸುವುದು. ಮನೆಗೆ ಬಂದು ದಾರ ಬಿಚ್ಚಿದೆ. ಪುಡಿಯ ಘಮದ ಹಿಂದೆ ಆ ಹಳೆಯ ವಾಸನೆ ಇದ್ದೇ ಇತ್ತು, ಹರಳೆಣ್ಣೆಯದು. ಒಳಗೆ ಅಕ್ಕನ ಕೈಬರಹದ ಒಂದು ಚೀಟಿಯೂ ಇತ್ತು: ‘ಇದೇ ಕೊನೇದು.’

ಕಾಫಿಗೂ ಹರಳೆಣ್ಣೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುತ್ತೀರಿ. ಇಂಗ್ಲೆಂಡಿನಿಂದ ಬಂದ ಒಂದು ಮೋಟಾರ್ ಸೈಕಲ್ಲಿನಿಂದ ಆಯಿತು ಎಂದು ಇಷ್ಟು ದಿನ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮೋಟಾರ್ ಸೈಕಲ್ಲು ಭಾವನದು. ಅವರ ತೋಟ ಬೆಳಗೋಡಿನಿಂದ ಎರಡು ಮೈಲಿ ಒಳಗೆ. ಕಾಲೇಜು ಓದುವಾಗ ಅವರು ಗೆಳೆಯರ ಜೊತೆ ಯಾವುದೋ ಪಾಳುಬಿದ್ದ ವಿಮಾನದ ಮೈದಾನದಲ್ಲಿ ನಡೆಯುತ್ತಿದ್ದ ರೇಸ್ ನೋಡಲು ಹೋಗಿದ್ದರಂತೆ. ರೇಸಿನ ಗಾಡಿಗಳಿಗೆ ಕಿಕ್ಕರ್ ಇರುವುದಿಲ್ಲ. ತಳ್ಳಿಕೊಂಡು ಓಡಿಯೇ ಎಂಜಿನ್ ಎಬ್ಬಿಸಬೇಕು. ಒಬ್ಬ ಸವಾರ ಕೈಸನ್ನೆ ಮಾಡಿ ಕರೆದ, ಭಾವ ಹೋಗಿ ತಳ್ಳಿದರು. ಗಾಡಿ ಗುಡುಗಿ ಮುಂದೆ ಹೋಯಿತು, ಹೊಗೆ ಇವರ ಮುಖಕ್ಕೆ ಬಂತು. ಆ ಕಾಲದ ರೇಸ್ ಎಂಜಿನ್ನಿಗೆ ಹರಳೆಣ್ಣೆ ಹಾಕುತ್ತಿದ್ದರು, ಎಷ್ಟು ಕಾದರೂ ಜಿಗುಟು ಬಿಡುವುದಿಲ್ಲ ಎಂದು. ಆ ಹೊಗೆಯ ವಾಸನೆ ಭಾವನ ಮೂಗಿನಲ್ಲಿ ನಲವತ್ತು ವರ್ಷ ಕೂತಿತ್ತು. “ತಳ್ಳಿದೋನು ನಾನು, ಓಡಿಸ್ದೋನು ಬೇರೆ. ಒಂದ್ಸಲ ನಾನು ಕೂರ್ಬೇಕು, ಬೇರೆಯೋರು ತಳ್ಬೇಕು ಮಾರಾಯ,” ಎನ್ನುತ್ತಿದ್ದರು.

ನಮಗೆಲ್ಲ ಹರಳೆಣ್ಣೆ ಎಂದರೆ ಭಾನುವಾರ ಬೆಳಿಗ್ಗೆ ಅವ್ವ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದ ಒಂದು ಚಮಚ, ಆಮೇಲೆ ಇಡೀ ದಿನ ಚೊಂಬು ಹಿಡಿದು ಓಟ. ಕುಡಿದ ನಾನೂ ಓಡಿದ್ದೇನೆ, ಕುಡಿದ ಗಾಡಿಯೂ ಓಡುತ್ತದೆ. ಎಣ್ಣೆಯ ಗುಣವೇ ಅದಿರಬೇಕು.

ನಾನು ರಿಟೈರಾದ ಇಂಗ್ಲಿಷ್ ಮೇಷ್ಟ್ರು. ನಮ್ಮ ಕಡೆ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಅದು ಕೊನೆಗೆ ನನ್ನ ತಲೆಗೇ. ಭಾವ ಕೊಳ್ಳಲು ಹೊರಟ ಹಳೇ ರೇಸ್ ಗಾಡಿಯನ್ನು ಮಾರುವ ಮುದುಕ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿದ್ದ. ಅವನಿಗೆ ನಾನೇ ಬರೆಯುತ್ತಿದ್ದೆ. ಮಗಳ ಮದುವೆ ಮಾಡುವವನ ಹಾಗೆ ಅವನು ಒಂದೊಂದೇ ವಿಚಾರಿಸುತ್ತಿದ್ದ. ನಿಮ್ಮಲ್ಲಿ ತೇವ ಎಷ್ಟು, ಮೆಕ್ಯಾನಿಕ್ ಇದ್ದಾನೆಯೇ, ಓಡಿಸಲು ಸಮತಟ್ಟಾದ ಜಾಗ ಇದೆಯೇ. ಇದೆ ಎಂದು ಬರೆದೆ. ಅದು ಕಾಫಿ ಒಣಗಿಸುವ ಕಣ, ಮೂರು ನಿಮಿಷಕ್ಕೆ ನಡೆದು ಸುತ್ತು ಹಾಕಬಹುದು ಎಂದು ಬರೆಯಲಿಲ್ಲ. ಮದುವೆಯ ಮಾತುಕತೆಯಲ್ಲಿ ಅಷ್ಟು ಇದ್ದದ್ದೇ.

ಕಾಗದಪತ್ರಗಳ ಪುರಾಣ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಗಾಡಿ ಐವತ್ತು ವರ್ಷ ದಾಟಿದ್ದು ಎಂಬುದಕ್ಕೆ ಪುರಾವೆ, ಎಂಜಿನ್ ನಂಬರು, ಚಾಸಿಸ್ ನಂಬರು, ಅವುಗಳ ಫೋಟೋ, ಫೋಟೋ ಸರಿಯಿಲ್ಲವೆಂದು ಮತ್ತೆ ಫೋಟೋ. ಇಷ್ಟಾಗಿಯೂ ರಸ್ತೆಯ ಮೇಲೆ ಓಡಿಸುವ ಹಾಗಿಲ್ಲ. ಎಂಟು ತಿಂಗಳ ಮೇಲೆ ಮಂಗಳೂರಿನ ಬಂದರಿಗೆ ಒಂದು ಮರದ ಪೆಟ್ಟಿಗೆ ಬಂತು. ಕಾಫಿ ಇಳಿಸಲು ಮಂಗಳೂರಿಗೆ ಹೋಗಿದ್ದ ಲಾರಿಯೇ ವಾಪಸು ಬರುವಾಗ ಅದನ್ನು ಹೊತ್ತು ಘಾಟಿ ಹತ್ತಿತು. ನಾನು ಆನೇಮಹಲ್‌ನಲ್ಲಿ ರಸ್ತೆ ಬದಿ ನಿಂತು ಕಾದೆ. ದೋಣಿಗಲ್ ದಾಟಿದೆವು ಎಂದು ಡ್ರೈವರ್ ಫೋನ್ ಮಾಡಿದಾಗ, ನಾನೇ ಸೊಸೆಯನ್ನು ಎದುರುಗೊಳ್ಳುವವನ ಹಾಗೆ ಅಂಗಿ ಸರಿಮಾಡಿಕೊಂಡೆ.

ತೋಟಕ್ಕೆ ಬಂದ ಲಾರಿ ಯಾವುದೇ ಇರಲಿ, ಸೀದಾ ಸ್ಟೋರಿನ ಮುಂದೆ ನಿಲ್ಲುತ್ತದೆ. ಅಲ್ಲಿಯ ಜಗಲಿ ಲಾರಿಯ ಎತ್ತರಕ್ಕೇ ಕಟ್ಟಿದ್ದು. ಆಳುಗಳು ಅಭ್ಯಾಸಬಲದಿಂದ ಪೆಟ್ಟಿಗೆಯನ್ನು ಉರುಳಿಸಿ ಒಳಗೇ ತಂದರು. ಸ್ಟೋರೆಂದರೆ ಒಣಗಿದ ಕಾಫಿ ಮೂಟೆ ಇಡುವ ಜಾಗ. ಕಾಫಿಬೀಜಕ್ಕೆ ಪಕ್ಕದಲ್ಲಿ ಏನಿದ್ದರೆ ಅದರ ವಾಸನೆ ಹಿಡಿಯುತ್ತದೆ. ಅದಕ್ಕೇ ಅಲ್ಲಿ ಸೀಮೆಎಣ್ಣೆಯಿಲ್ಲ, ಬೀಡಿಯಿಲ್ಲ, ಆಯುಧಪೂಜೆಯ ದಿನ ಊದುಬತ್ತಿಯನ್ನೂ ಬಾಗಿಲ ಹೊರಗೆ ಸಿಕ್ಕಿಸುತ್ತಾರೆ. ತೋಟದ ಲೆಕ್ಕ ನೋಡುವ ರೈಟರ್ ಪುಟ್ಟೇಗೌಡರು ಗೊಣಗಿದರು. ಕಾಫಿಗೆ ಹೂ ತರಿಸುವ ಹೂಮಳೆಯ ಮೋಡ ಕವಿದಿತ್ತು, ಗಾಡಿಯನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಪೆಟ್ರೋಲು, ಎಣ್ಣೆ ಎಲ್ಲ ಬಸಿದೇ ಕಳಿಸಿದ್ದಾರೆ, ಒಂದು ದಿನದ ಮಾತು ಎಂದರು ಭಾವ. ಒಂದು ದಿನ ಎರಡು ತಿಂಗಳಾಯಿತು.

ಪೆಟ್ಟಿಗೆ ಬಿಚ್ಚಿದ ದಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನು ಒಂದು ಸುತ್ತು ನೋಡಿದಳು. “ದೀಪ ಇಲ್ಲ, ಹಾರ್ನ್ ಇಲ್ಲ, ಕಿಕ್ಕರಿಲ್ಲ, ನಿಲ್ಸೋಕೆ ಸ್ಟ್ಯಾಂಡೂ ಇಲ್ಲ. ಏನೈತೆ ಇದ್ರಾಗೆ?” ಎಂದಳು. ಭಾವ ಗಾಡಿಯ ಬೆನ್ನು ಸವರುತ್ತಿದ್ದರು.

ಅದೇ ಸ್ಟೋರಿನ ಗೋಡೆ ಪಕ್ಕ ಅಕ್ಕನ ಆರು ಮೂಟೆಗಳಿದ್ದವು. ಅವುಗಳ ಬಗ್ಗೆ ಹೇಳಲೇಬೇಕು. ಹಳ್ಳದ ದಂಡೆಯ ಹಳೇ ಅರೇಬಿಕಾ ಗಿಡಗಳನ್ನು ಅಕ್ಕ ತಾನೇ ನೋಡಿಕೊಳ್ಳುತ್ತಿದ್ದಳು. ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಬಿಡಿಸುವುದು, ಬಲೆಯ ಮಂಚದ ಮೇಲೆ ಒಣಗಿಸುವುದು, ಗಂಟೆಗೊಮ್ಮೆ ಕೈಯಾಡಿಸುವುದು. ಎರಡು ವರ್ಷ ಕೆಟ್ಟಿತು, ಮೂರನೇ ವರ್ಷ ಕೈಹಿಡಿಯಿತು. ಮಂಗಳೂರಿನ ವ್ಯಾಪಾರಿಯೊಬ್ಬರು ಅದನ್ನು ಬೇರೆಯಾಗಿಯೇ, ಬೆಳೆದವರ ಹೆಸರಿನಲ್ಲೇ ಹೊರದೇಶಕ್ಕೆ ಕಳಿಸುವುದಾಗಿ ಒಪ್ಪಿದ್ದರು. ಅಲ್ಲಿಯವರೆಗೆ ಆ ತೋಟದ ಮೂಟೆಗಳ ಮೇಲೆ ಭಾವನ ಅಪ್ಪನ ಹೆಸರು, ಆಮೇಲೆ ಭಾವನ ಹೆಸರು. ಈ ಆರು ಚೀಲಗಳ ಮೇಲೆ ‘ಜಯಮ್ಮ’ ಎಂದು ಇಂಗ್ಲಿಷಿನಲ್ಲಿ ನಾನೇ ಬರೆದುಕೊಟ್ಟಿದ್ದೆ. ಬರೆಯುವಾಗ ಅಕ್ಕ ಪಕ್ಕದಲ್ಲೇ ಕೂತು ಅಕ್ಷರ ಎಣಿಸಿದ್ದಳು.

ಇನ್ನು ನನ್ನ ವಿಚಾರ. ಭಾವ ಕಣ್ಣಿನ ಆಪರೇಷನ್ನಿಗೆ ಹಾಸನಕ್ಕೆ ಹೋದರು. ಎಂಜಿನ್ ತುಕ್ಕು ಹಿಡಿಯದ ಹಾಗೆ ಹದಿನೈದು ದಿನಕ್ಕೊಮ್ಮೆ ನಾಲ್ಕು ಚಮಚ ಹರಳೆಣ್ಣೆ ಬಿಟ್ಟು ಚಕ್ರ ತಿರುಗಿಸಬೇಕು ಎಂದು ಮುದುಕ ಬರೆದಿದ್ದ. ಆ ಕೆಲಸ ನನಗೆ ವಹಿಸಿದರು. “ಗಾಡೀನ ಕಣಕ್ಕೆ ತಳ್ಕೊಂಡು ಹೋಗಿ ಬಿಡು. ಸ್ಟೋರ್ ಒಳಗೆ ಮಾತ್ರ ಡಬ್ಬಿ ಮುಚ್ಚಳ ತೆಗೀಬ್ಯಾಡ,” ಎಂದು ಎರಡೆರಡು ಸಲ ಹೇಳಿದ್ದರು. ನಾನು ಆಲೂರಿನ ಗಾಣದಿಂದ ಎಣ್ಣೆ ಒಯ್ದೆ. ಅಕ್ಕ ಸಂತೆಗೆ ಹೋಗಿದ್ದಳು, ಆಳುಗಳು ಊಟಕ್ಕೆ. ಗಾಡಿಯನ್ನು ಒಬ್ಬನೇ ಜಗಲಿಯಿಂದ ಇಳಿಸಲು ಸೋಮಾರಿತನವಾಯಿತು. ನಾಲ್ಕು ಚಮಚಕ್ಕೆ ಏನಾಗುತ್ತದೆ ಎಂದುಕೊಂಡು ಅಲ್ಲೇ ಮುಚ್ಚಳ ತೆಗೆದೆ. ನನ್ನ ಮೊಣಕೈ ತಗುಲಿ ಡಬ್ಬಿ ಮಗುಚಿತು. ನೆಲದ ಹಲಗೆಯ ಮೇಲೆ ಹರಿದ ಎಣ್ಣೆಯನ್ನು ಒಂದು ಖಾಲಿ ಗೋಣಿಚೀಲದಿಂದ ಒರೆಸಿದೆ. ಆ ಚೀಲವನ್ನಾದರೂ ಹೊರಗೆ ಹಾಕಬೇಕೋ ಬೇಡವೋ ನೀವೇ ಹೇಳಿ. ಮಡಿಸಿ, ಗೋಡೆ ಪಕ್ಕದ ಮೂಟೆಗಳ ಹಿಂದೆ ತುರುಕಿಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಜವಾಬ್ದಾರಿಯ ಪಾಠ ಹೇಳಿದವನು.

ಆಮೇಲೆ ಅಕ್ಕ ಮಾದರಿಗೆಂದು ಕಳಿಸಿದ ಬೀಜಕ್ಕೆ ತಿಂಗಳ ಮೇಲೆ ವ್ಯಾಪಾರಿಯಿಂದ ಉತ್ತರ ಬಂತು. ಓದಿ ಹೇಳಬೇಕಾದವನೂ ನಾನೇ. ಕಾಫಿಯ ರುಚಿ ನೋಡಿದವರು ಹುಳಿಯನ್ನು ಹೊಗಳಿದ್ದರು, ಬೆಲ್ಲದಂಥ ಸಿಹಿಯನ್ನು ಹೊಗಳಿದ್ದರು. ಕೊನೆಯಲ್ಲಿ ಎಣ್ಣೆಯ ವಾಸನೆ ಬರುತ್ತಿದೆ, ಕೊಳ್ಳಲಾಗುವುದಿಲ್ಲ, ಕ್ಷಮಿಸಿ ಎಂದಿತ್ತು. ಅಕ್ಕ ಇನ್ನೊಂದು ಸಲ ಓದಿಸಿದಳು. ಆಮೇಲೆ ಕಾಗದ ಇಸಿದುಕೊಂಡು ಅಡಿಗೆಮನೆಗೆ ಹೋದಳು. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ರೊಟ್ಟಿ ತಟ್ಟಿದಳು.

ಅವತ್ತು ಕಣದ ಮೂಲೆಯಲ್ಲಿ ಭಾವನಿಗೆ ನಡೆದದ್ದು ಹೇಳಿದೆ. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಕಾಣಿಸಲಿಲ್ಲ. “ನೀನು ಬಾಯಿ ಬಿಡ್ಬ್ಯಾಡ. ಸ್ಟೋರಿಗೆ ಗಾಡಿ ತಂದಿಟ್ಟೋನು ನಾನು ತಾನೆ,” ಎಂದರು. ಊಟಕ್ಕೆ ಕೂತಾಗ ಅಕ್ಕನ ಮುಂದೆ ತಪ್ಪು ತಮ್ಮದೇ ಎಂದರು, ಗಾಡಿ ಮಾರಿಬಿಡುತ್ತೇನೆ ಎಂದರು. ನಾನು ತಟ್ಟೆ ನೋಡಿಕೊಂಡು ರೊಟ್ಟಿ ತಿಂದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಾಯೆನಿಸಿತು, ಅದೇ ಇವತ್ತಿಗೂ ಚುಚ್ಚುವುದು.

ಗಾಡಿ ಕೊಳ್ಳುವವರು ಸಿಕ್ಕರು. ಎಂಜಿನ್ ಓಡುವುದನ್ನು ಮೊಬೈಲಿನಲ್ಲಿ ತೆಗೆದು ಕಳಿಸಿ ಎಂದರು. ಕೊಯ್ಲು ಮುಗಿದು ಕಣ ಖಾಲಿಯಿತ್ತು. ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವ ಪದ್ಧತಿಯಿಲ್ಲ. ಭಾವ ಬರಿಗಾಲಲ್ಲೇ ಗಾಡಿ ಹತ್ತಿದರು. ನಾನೂ ಪುಟ್ಟೇಗೌಡರೂ ತಳ್ಳಿದೆವು. ಎರಡು ಸಲ ತಳ್ಳುವಷ್ಟರಲ್ಲಿ ನನ್ನ ಉಸಿರು ಮೇಲಕ್ಕೆ ಬಂತು. ಜಗಲಿಯ ಮೇಲೆ ನಿಂತಿದ್ದ ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. “ಸರಿಯೋ ಅತ್ತಾಗೆ. ನನ್ನ ಕಾಫಿ ಬಲಿ ತಗೊಂಡೈತೆ, ಕೂಗೋದಾದ್ರೂ ಕೇಳ್ತೀನಿ.”

ಅಕ್ಕ ತಳ್ಳಿದಳು. ಗಾಡಿ ಎರಡು ಸಲ ಕೆಮ್ಮಿ, ಇದ್ದಕ್ಕಿದ್ದಂತೆ ಇಡೀ ತೋಟಕ್ಕೆ ಕೇಳುವ ಹಾಗೆ ಗುಡುಗಿತು. ಹೊಗೆ ಅವಳ ಮುಖಕ್ಕೇ ಬಡಿಯಿತು. ಭಾವ ಒಂದನೇ ಗೇರಿನಲ್ಲೇ ಕಣವನ್ನು ಎರಡು ಸುತ್ತು ಬಂದರು. ಅರವತ್ತು ದಾಟಿದ ಮನುಷ್ಯ, ಪಂಚೆ ಎತ್ತಿ ಕಟ್ಟಿ, ಬಾಯಿ ತುಂಬ ನಗುತ್ತಿದ್ದರು. ನಿಲ್ಲಿಸಿದ ಮೇಲೆ ಅಕ್ಕ ಮುಖ ಒರೆಸಿಕೊಂಡು, ಮಾರುವುದೇನೂ ಬೇಡ, ಸೌದೆ ಕೊಟ್ಟಿಗೆಯಲ್ಲಿ ಬಿದ್ದಿರಲಿ ಎಂದಳು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ.

ಐದು ಮೂಟೆಗಳು ಮಾಮೂಲಿ ಕಾಫಿಯ ಜೊತೆ ಬೆರೆತು ಹೆಸರಿಲ್ಲದೆ ಹೋದವು. ವಾಸನೆ ಜೋರಾಗಿ ಹಿಡಿದಿದ್ದ ಒಂದು ಮೂಟೆ ಮನೆಯಲ್ಲೇ ಉಳಿಯಿತು. ಅದರ ಪುಡಿ ನನಗೆ ತಿಂಗಳಿಗೊಂದು ಪೊಟ್ಟಣದಂತೆ ಬರತೊಡಗಿತು. ಅಕ್ಕನೂ ಭಾವನೂ ಅದನ್ನೇ ಕುಡಿಯುತ್ತಿರುವಾಗ ನಾನು ಬೇಡ ಎನ್ನುವುದು ಹೇಗೆ? ಎರಡೂವರೆ ವರ್ಷ ದಿನಕ್ಕೆ ಎರಡು ಲೋಟ ಕುಡಿದೆ. ಆಣೆ ಮಾಡಿ ಹೇಳುತ್ತೇನೆ, ಒಂದು ಲೋಟವೂ ಸಲೀಸಾಗಿ ಇಳಿಯಲಿಲ್ಲ.

ಇವತ್ತು ಆ ಚೀಟಿ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಾಫಿಯೇ ಮುಗಿದ ಮೇಲೆ ಇನ್ನು ಹೇಳುವುದು ಯಾವಾಗ? ಫೋನ್ ಮಾಡಿ, “ಅಕ್ಕ, ಆ ಎಣ್ಣೆ ಚೆಲ್ಲಿದ್ದು ಭಾವ ಅಲ್ಲ,” ಎಂದೆ.

“ಗೊತ್ತು ಕಣೋ,” ಎಂದಳು. “ಆ ಗೋಣಿಚೀಲ ಸಿಕ್ತು. ನಿಮ್ಮೂರ ಗಾಣದ ಡಬ್ಬೀನೂ ಸಿಕ್ತು. ನಿಮ್ಮ ಭಾವ ಆವತ್ತು ಕಣ್ಣಿಗೆ ಪಟ್ಟಿ ಕಟ್ಕೊಂಡು ಹಾಸನದಾಗೆ ಮಲಗಿದ್ರು. ಮಾಡ್ದೇ ಇರೋ ತಪ್ಪಿಗೆ ಅವ್ರ ಗಾಡಿ ಮಾರ್ಸೋಕಾಯ್ತದಾ?”

ಏನಾದರೂ ಹೇಳಬೇಕಲ್ಲ ಎಂದು, ಪಾಪ, ನೀವಿಬ್ಬರೂ ಇಷ್ಟು ದಿನ ಆ ಕಾಫಿ ಕುಡಿಯಬೇಕಾಯಿತಲ್ಲ ಎಂದೆ.

“ನಾವ್ಯಾಕೆ ಕುಡೀತೀವಿ? ಇಲ್ಲಿ ಒಂದಿನಾನೂ ಕಾಸಿಲ್ಲ. ಅಷ್ಟೂ ನಿಂಗೇ ಕಳ್ಸಿದ್ದು.”

ಹಿಂದೆ ಭಾವ ನಗುವುದು ಕೇಳಿಸಿತು. ಅಕ್ಕ ನಗಲಿಲ್ಲ. ಹಳ್ಳದ ದಂಡೆಯ ಗಿಡಗಳು ಈ ಸಲ ಚೆನ್ನಾಗಿ ಬಿಟ್ಟಿವೆ, ಎಂಟು ಮೂಟೆ ಆಗಬಹುದು, ವ್ಯಾಪಾರಿ ಮತ್ತೆ ಕೇಳಿದ್ದಾರೆ ಎಂದಳು. “ಚೀಲದ ಮೇಲೆ ಹೆಸ್ರು ಬರೀಬೇಕು, ಭಾನುವಾರ ಬಾ,” ಎಂದಳು. “ಬರೋವಾಗ ಕೈ ತೊಳ್ಕೊಂಡು ಬಾ.”

ಕೊನೆಯ ಪೊಟ್ಟಣದಿಂದ ಒಂದು ಲೋಟ ಕಾಸಿಕೊಂಡು ಕುಡಿದೆ. ಇವತ್ತು ಇಳಿಯಿತು.