ಗುಂಡಿ ಒಂದೇ ಬಾಕಿ

ದರ್ಜಿ ಅಂಗಡಿಯಲ್ಲಿ ಸುಳ್ಳಿಲ್ಲದೆ ಸೂಜಿಯೂ ಓಡುವುದಿಲ್ಲ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುವುದಿಲ್ಲ, ಗಿರಾಕಿ ಬಂದರೆ ‘ಆಗೋಯ್ತು, ಗುಂಡಿ ಒಂದೇ ಬಾಕಿ’ ಎನ್ನಬೇಕು. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ, ಮೂಲೆಯಲ್ಲಿ ಕೂತು ಗುಂಡಿಗೆ ಕಾಜಾ ಹೊಲಿಯುವ ಇಪ್ಪತ್ತೆಂಟರ ಹುಡುಗಿ.

ಅವಳ ಕಾಜಾ ನೋಡಿದರೆ ಮಿಷನ್ನೇ ನಾಚಬೇಕು. ಆದರೆ ಗಿರಾಕಿ ‘ಆಯ್ತಾ?’ ಎಂದು ಕೇಳಿದರೆ ತಲೆ ಎತ್ತದೆ, ಬಟ್ಟೆ ಇನ್ನೂ ಗಂಟಿನಲ್ಲೇ ಇದೆ ಎಂದುಬಿಡುವಳು. ಮೊದಮೊದಲು ದರ್ಜಿ ನಕ್ಕ. ಹಳೆಯ ಗಿರಾಕಿಯೊಬ್ಬರು ಬೈದು ಬಟ್ಟೆ ವಾಪಸು ಒಯ್ದ ದಿನ ಮಾತ್ರ ಅವಳ ತಾಯಿಯನ್ನು ಕರೆಸಿದ.

ತಾಯಿಗೆ ಇದೇನು ಹೊಸದೇ? ಮೇಷ್ಟರಿಗೆ, ಬಸ್ಸಿನ ಕಂಡಕ್ಟರಿಗೆ, ಪಕ್ಕದ ಮನೆಯವರಿಗೆ, ಸ್ವಂತ ನಾದಿನಿಗೆ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಮುಖ ನೋಡಿ ಮಾತಾಡದಿದ್ದರೆ ಅದು ಸೊಕ್ಕಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿದರೆ ನಾಟಕವಲ್ಲ, ಇದಕ್ಕೆ ಆಟಿಸಂ ಎನ್ನುತ್ತಾರೆ ಅಂತ. ಎಲ್ಲರೂ ಹೂಂಗುಟ್ಟಿ, ಕೊನೆಗೆ ಚಿಕ್ಕಂದಿನಲ್ಲೇ ಎರಡು ಬಿಟ್ಟಿದ್ದರೆ ಸರಿಹೋಗುತ್ತಿತ್ತು ಎನ್ನುವವರೇ. ಅವರ ಬುದ್ಧಿಗಿಷ್ಟು ಬೆಂಕಿ ಹಾಕ!

ಈ ಕೆಲಸ ಸಿಗುವ ಮುಂಚೆ ಮಗಳು ಆರು ವರ್ಷ ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಮತ್ತೆ ಆ ಕೋಣೆ ಸೇರಿಬಿಟ್ಟರೆ ಏನು ಗತಿ? ತಾಯಿ ದರ್ಜಿಗೆ ಕೈಮುಗಿದಳು.

‘ಅಣ್ಣಾ, ಅವಳಿಗೆ ಮಾತಿನ ಒಳಗಿನ ಮಾತು ತಿಳಿಯಲ್ಲ. ಹೇಳಿದ್ದನ್ನ ಹೇಳಿದ ಹಾಗೇ ನಂಬ್ತಾಳೆ. ಗಿರಾಕಿಗೆ ಕಾಣದ ಹಾಗೆ ಒಳಗೆ ಕೂರಿಸಿ, ಬೇಡ ಮಾತ್ರ ಅನ್ನಬೇಡಿ.’

ದರ್ಜಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ತಾಯಿ ನಾಲ್ಕು ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವನು ಬೇಡ ಎನ್ನಲಿಲ್ಲ. ಹುಡುಗಿಯ ಕಡೆ ತಿರುಗಿ ಮೆತ್ತಗೆ ಹೇಳಿದ:

‘ಸ್ವಲ್ಪ ದಿನ ಮನೇಲಿ ಆರಾಮಾಗಿರಮ್ಮ. ಕೆಲಸ ಬಂದಾಗ ಹೇಳಿ ಕಳಿಸ್ತೀನಿ.’

ತಾಯಿಗೆ ಅರ್ಥವಾಯಿತು. ಮಗಳು ‘ಸರಿ’ ಎಂದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಗಳು ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಹೇಳಲು ಬಂದವರು ಬಾಗಿಲು ತಟ್ಟಿ ವಾಪಸು ಹೋಗಿಬಿಟ್ಟರೆ ಎಂದು ಊಟಕ್ಕೂ ಏಳಲಿಲ್ಲ. ಇಪ್ಪತ್ತು ದಿನ ಹೀಗೇ ನಡೆಯಿತು. ದರ್ಜಿಯ ಮಾತು ಬೇಡ ಎನ್ನುವ ಒಂದು ಬಗೆ ಅಷ್ಟೇ ಎಂದು ತಾಯಿ ದಿನಾ ಹೇಳಹೊರಡುವಳು. ಊರಿಗೆಲ್ಲ ಮಗಳ ವಿಷಯ ತಿಳಿಸಿ ಹೇಳಿದವಳಿಗೆ, ಮಗಳಿಗೆ ಊರಿನ ವಿಷಯ ಹೇಳಲು ಬಾಯಿ ಬರಲಿಲ್ಲ.

ಇಪ್ಪತ್ತೊಂದನೆಯ ದಿನ ಮಗಳೇ ಕೇಳಿದಳು.

‘ಅಮ್ಮ, ನೀನು ಸುಳ್ಳು ಹೇಳಲ್ಲ. ಅವರು ಹೇಳಿ ಕಳಿಸ್ತಾರಾ?’

‘ಕಳಿಸ್ತಾರೆ ಮಗಳೇ’ ಎಂದಳು ತಾಯಿ.

ಮಗಳು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.