ಅಜ್ಜ ಮುಚ್ಚಲು ಹೋದ ಸೂಜಿ

ಮುಂಬೈಗೆ ಬಂದು ಹೋಮ್ ನರ್ಸಾಗಿ ಮೊದಲ ಕೆಲಸಕ್ಕೆ ಹೋದ ದಿನ ನಾನು ಆ ಮನೆಯ ಅಜ್ಜನಿಗೆ ಇನ್ಸುಲಿನ್ ಚುಚ್ಚಿದ್ದು ಊಟದ ಮೇಜಿನ ಮುಂದೆ, ನೀರುದೋಸೆಯ ತಟ್ಟೆಯ ಪಕ್ಕದಲ್ಲಿ. ನಾನು ಮೊದಲಿದ್ದ ಕಾರ್ಕಳದ ಆಸ್ಪತ್ರೆಯಲ್ಲಿ ಚುಚ್ಚಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಇರುತ್ತಿತ್ತು. ಇಲ್ಲಿ ಎಲ್ಲಿ ಹಾಕಲಿ ಎಂದು ಕೇಳಿದರೆ, ಅದು ಹಸಿ ಕಸವೋ ಒಣ ಕಸವೋ ಎಂದು ಮನೆಯವರು ತಮ್ಮತಮ್ಮಲ್ಲೇ ಚರ್ಚಿಸಿದರು. ಕೊನೆಗೆ ಫಿನೈಲ್ ಮುಗಿದ ಒಂದು ಬಾಟಲಿ ನನ್ನ ಪಾಲಿಗೆ ಬಂತು.

ನಾನಿರುವುದು ಮಲಾಡಿನ ಒಂದು ಖೋಲಿಯಲ್ಲಿ. ಖೋಲಿ ಎಂದರೆ ಅಡುಗೆ, ಸ್ನಾನ, ನಿದ್ದೆ ಎಲ್ಲವನ್ನೂ ಮುಗಿಸಬೇಕಾದ ಒಂದೇ ಕೋಣೆ. ಊರಲ್ಲಿ ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತು. ಕೆಲಸದ ಮನೆ ಇದ್ದದ್ದು ವಡಾಲದಲ್ಲಿ, ಅಂಧೇರಿಯಲ್ಲಿ ಲೋಕಲ್ ರೈಲು ಬದಲಿಸಬೇಕಿತ್ತು. ರೈಲಿನಲ್ಲಿ ನನ್ನ ಹಿಂದಿ ಕೇಳಿ ನಗುತ್ತಿದ್ದ ಹೆಂಗಸರೇ ಆಮೇಲೆ ನನಗೆ ಸೀಟು ಹಿಡಿದಿಡುತ್ತಿದ್ದರು. ಈ ಊರಲ್ಲಿ ನಾನು ಗೆದ್ದದ್ದು ಅಂತಿದ್ದರೆ ಅದೊಂದೇ.

ವಡಾಲದ ಅಜ್ಜ ಗ್ರಾಂಟ್ ರೋಡಿನಲ್ಲಿ ಆಯುಷ್ಯವಿಡೀ ಹೋಟೆಲ್ ನಡೆಸಿದವರು. ಮೊದಲ ದಿನವೇ "ಬಲ ಮಗಾ, ಕುಲ್ಲು" ಎಂದರು. ಬಾ ಮಗಳೇ, ಕೂತುಕೋ ಎಂದು ತುಳುವಿನಲ್ಲಿ ಕೇಳಿ ನನಗೆ ಅಳುವೇ ಬಂತು. ತಿಂಡಿ ಕೊಡದೆ ಅವರು ನನ್ನನ್ನು ಕಳಿಸಿದ್ದಿಲ್ಲ. ಅವರದೊಂದು ಚಟ, ತೆರೆದಿಟ್ಟದ್ದು ಕಂಡರೆ ಮುಚ್ಚಬೇಕು. ಚಟ್ನಿಯ ಪಾತ್ರೆ, ನೀರಿನ ಹೂಜಿ, ನನ್ನ ಚೀಲದ ಜಿಪ್ಪು ಕೂಡ. ಹೋಟೆಲಿನವರ ಕೈ, ಸುಮ್ಮನಿರುವುದಿಲ್ಲ.

ಒಂದು ಬೆಳಿಗ್ಗೆ ಅವರಿಗೆ ಚುಚ್ಚಿದ ಸಿರಿಂಜನ್ನು ಮೇಜಿನ ಮೇಲಿಟ್ಟು ಫಿನೈಲ್ ಬಾಟಲಿಯ ಬಿರಡೆ ತಿರುಗಿಸುತ್ತಿದ್ದೆ. "ಇದನ್ನು ಹೀಗೆ ತೆರೆದಿಡುವುದಾ ಮಾರಾಯ್ತಿ?" ಎಂದು ಅಜ್ಜ ಅದನ್ನೆತ್ತಿ ಮುಚ್ಚಳ ಹಾಕಲು ಹೊರಟರು. ಸೂಜಿಯ ತುದಿ ಮುಚ್ಚಳದ ಬಾಯಿ ತಪ್ಪಿತು. ಅವರಿಗೆ ಚುಚ್ಚೀತೆಂದು ನಾನು ಕೈ ಚಾಚಿದೆ, ಸೂಜಿ ನನ್ನ ಹೆಬ್ಬೆರಳಿಗೆ ಇಳಿಯಿತು. ಅಜ್ಜನಿಗೆ ಗೊತ್ತೇ ಆಗಲಿಲ್ಲ. ಮುಚ್ಚಿದ ಸಿರಿಂಜನ್ನು ನನ್ನ ಕೈಗಿತ್ತು ನಕ್ಕರು.

ಸೋಪು ಹಾಕಿ ತೊಳೆದುಕೊಂಡು ಆಸ್ಪತ್ರೆಗೆ ಓಡಿದೆ. ಮುಂಜಾಗ್ರತೆಗೆಂದು ಡಾಕ್ಟರು ಎಚ್‌ಐವಿ ಮಾತ್ರೆ ಶುರು ಮಾಡಿಸಿದರು. ಎಚ್‌ಐವಿಯೋ ಕಾಮಾಲೆಯೋ ಅಂಟಿರಬಹುದೇ ಎಂಬ ಅನುಮಾನ ಬೇಗ ತೀರಬೇಕಾದರೆ ಅಜ್ಜನ ರಕ್ತ ಪರೀಕ್ಷಿಸಬೇಕು, ಇಲ್ಲವಾದರೆ ನಿಮ್ಮ ರಕ್ತವನ್ನೇ ಮತ್ತೆಮತ್ತೆ ನೋಡುತ್ತ ತಿಂಗಳುಗಟ್ಟಲೆ ಕಾಯಬೇಕು ಎಂದರು.

ಅಜ್ಜನ ಮಗ ದಿನೇಶಣ್ಣನನ್ನು ಕೇಳಿದೆ. ಯಾವ ಪರೀಕ್ಷೆ ಎಂದು ತಿಳಿದ ಕೂಡಲೇ ಅವರ ಮುಖ ಬದಲಾಯಿತು.

"ನಮ್ದು ಅಂಥ ಫ್ಯಾಮಿಲಿ ಅಲ್ಲ ಸಿಸ್ಟರ್. ಅಪ್ಪನ ಹತ್ರ ಇದೆಲ್ಲ ಹೇಳ್ಬೇಡಿ, ಪ್ಲೀಸ್."

ನಿನ್ನೆಯವರೆಗೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವರು. ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆಯಾಯಿತು. ಅವರ ಮನೆಗೆ ಕೆಟ್ಟ ಹೆಸರು ತಂದವಳು ನಾನೇ ಎಂಬ ಹಾಗೆ ತಲೆ ತಗ್ಗಿಸಿದೆ.

ಮರುದಿನ ತಡೆಯಲಾರದೆ ಅಜ್ಜನಿಗೆ ಹೇಳಿಯೇ ಬಿಟ್ಟೆ. ಅವರು ತೋಳು ಚಾಚಿ, "ಎಷ್ಟು ಬೇಕೋ ತೆಗಿ ಮಗಾ" ಎಂದರು. ನಾನಾಗಿ ತೆಗೆಯುವಂತಿಲ್ಲ, ಲ್ಯಾಬಿನವರು ಬರಬೇಕು ಎಂದೆ. ಬಾಗಿಲಲ್ಲಿ ದಿನೇಶಣ್ಣ ನಿಂತಿದ್ದರು. ಸಂಜೆಯೊಳಗೆ ನಮ್ಮನ್ನು ಮನೆಮನೆಗೆ ಕಳಿಸುವ ಬ್ಯೂರೋದಿಂದ ಫೋನು ಬಂತು. ಇನ್ನು ಆ ಮನೆಗೆ ಹೋಗುವುದು ಬೇಡವಂತೆ, ಮಲಾಡಿನಲ್ಲೇ ಬೇರೆ ಪೇಶಂಟ್ ಇದ್ದಾರಂತೆ. ಅಜ್ಜನ ಪರೀಕ್ಷೆ ಆಗಲೇ ಇಲ್ಲ.

ಮಾತ್ರೆ ನುಂಗಿದ ಮೇಲೆ ಊಟ ಸೇರುವುದಿಲ್ಲ. ಊರಿಗೆ ಹೋಗಿ ಅಮ್ಮನ ಕೈಯ ಗಂಜಿ ಉಂಡು ಮಲಗೋಣವೆನ್ನಿಸುತ್ತದೆ. ಆದರೆ ಈ ಮಾತ್ರೆಯ ಡಬ್ಬಿ ಯಾವ ಕಾಯಿಲೆಯದ್ದೆಂದು ಕಾರ್ಕಳದಲ್ಲಿ ಅಮ್ಮನಿಗಿಂತ ಮೊದಲು ಬೀದಿಗೆ ತಿಳಿಯುತ್ತದೆ. ಇಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೆ ಮುಂಬೈ ಬಗ್ಗೆ ನನಗೆ ಪ್ರೀತಿಯೂ ಇದೆ, ಭಯವೂ ಇದೆ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ವಡಾಲದ ಕೆಲಸ ಹೋದದ್ದು ಅವಳಿಗೆ ಗೊತ್ತಿಲ್ಲ. ಪರವೂರಲ್ಲಿ ನಮ್ಮವರು ಅಂತ ಆ ಮನೆಯವರಾದರೂ ಇದ್ದಾರಲ್ಲ, ಅದೇ ನನಗೆ ಧೈರ್ಯ ಎಂದಳು. ಅಜ್ಜನಿಗೆಂದು ಹಲಸಿನ ಹಪ್ಪಳ ಮಾಡಿಟ್ಟಿದ್ದಾಳಂತೆ, ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸುತ್ತಾಳಂತೆ.

"ಅವರ ಕೈಯಲ್ಲೇ ಕೊಡು, ಆಯ್ತಾ?"

ಆಯ್ತು, ಕೊಡುತ್ತೇನೆ ಎಂದೆ.