ಮಾವನ ತಲೆಯ ಹೊಲಿಗೆ

ನದಿ ಕಾವಲು ಪಡೆಯ ತರಬೇತಿಗೆ ಸೇರಿದಾಗ ಆಕೆಗೆ ಮೂವತ್ತನಾಲ್ಕು ವರ್ಷ, ಏಳು ತಿಂಗಳು. ವಯೋಮಿತಿ ಮೂವತ್ತೈದು. ಈ ಸಲ ನಪಾಸಾದರೆ ಮತ್ತೆ ಅರ್ಜಿ ಹಾಕುವ ಬಾಗಿಲೇ ಮುಚ್ಚುತ್ತಿತ್ತು. ಅದಕ್ಕೂ ಹಿಂದಿನ ಹನ್ನೊಂದು ವರ್ಷ ಆಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿದಿದ್ದಳು. ಕಿಟಕಿಯಿಲ್ಲದ ಆ ಶೆಡ್ಡಿನಲ್ಲಿ ಕೂತು ಕೂತು ಹೊರಗಿನ ಹಗಲು ಮರೆತೇಹೋಗುತ್ತಿತ್ತು ಎಂಬುದು, ಕೆಲಸ ಬಿಟ್ಟದ್ದಕ್ಕೆ ಆಕೆ ಕೊಡುವ ಒಂದೇ ಕಾರಣ.

ಆಕೆಯ ಅಪ್ಪ ಸೇತುವೆ ಬರುವವರೆಗೂ ಅದೇ ನದಿಯಲ್ಲಿ ಜನರನ್ನು ದಾಟಿಸುವ ದೋಣಿ ನಡೆಸಿದವನು. ಅವನ ಜೊತೆ ಓಡಾಡಿದ್ದರಿಂದ ನೀರಿನ ಭಯ ಆಕೆಗೆ ಗೊತ್ತಿರಲಿಲ್ಲ. ತರಬೇತಿ ಕೇಂದ್ರದಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರ ನಡುವೆ ಎಲ್ಲರಿಗೂ ಅಕ್ಕನಾದಳು. ಈಜಿನಲ್ಲಿ ಮೊದಲಿಗಳು. ಎಂಜಿನ್ ಬಿಚ್ಚಿ ಜೋಡಿಸುವುದು ಎರಡೇ ವಾರದಲ್ಲಿ ಕೈಗೆ ಹತ್ತಿತು. ಬಲೆಯ ಕಣ್ಣಿನ ಅಳತೆ, ನೀರಿನ ಮಟ್ಟದ ದಾಖಲೆ, ಗಾಯಕ್ಕೆ ಪಟ್ಟಿ, ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಐದು ತಿಂಗಳು ಹೀಗೆ ನೆಟ್ಟಗೆ ನಡೆದದ್ದು ಎಡವಿದ್ದು ಮಾವನ ಹತ್ತಿರ.

ಮಾವ ಎಂದರೆ ಗೊಂಬೆ. ದಪ್ಪ ಕ್ಯಾನ್ವಾಸಿನೊಳಗೆ ಕಾರ್ಕು, ಮರಳು ತುಂಬಿ, ಹಳೆಯ ಪ್ಯಾಂಟು ತೊಡಿಸಿ ಮಾಡಿದ ಆಳೆತ್ತರದ ಮನುಷ್ಯ. ಎಷ್ಟೇ ಉಪಚಾರ ಮಾಡಿದರೂ ಮುಖ ಗಂಟಿಕ್ಕಿಕೊಂಡೇ ಇರುತ್ತಾನೆಂದು ಹಿಂದಿನ ಯಾವುದೋ ತಂಡದವರು ಇಟ್ಟ ಹೆಸರು ಅದು. ಬಂಡೆಯನ್ನು ತಬ್ಬಿಕೊಂಡವನಂತೆ ನಿಂತಲ್ಲೇ ತೇಲಲೆಂದು ಅವನ ಸೊಂಟಕ್ಕೆ ಹಗ್ಗ ಬಿಗಿದು, ಹೊಳೆಯ ತಳದ ಕಲ್ಲಿಗೆ ಕಟ್ಟುತ್ತಿದ್ದರು. ಮೋಟಾರು ದೋಣಿಯಲ್ಲಿ ಹೋಗಿ ಮೂರು ನಿಮಿಷದೊಳಗೆ ಅವನನ್ನು ಎತ್ತಿಕೊಳ್ಳಬೇಕು. ಅವಕಾಶ ಎರಡೇ.

ಸೀಟಿ ಊದಿದ್ದೇ ತಡ, ಆಕೆ ಮೇಲಿನ ಕಟ್ಟೆಯಿಂದ ನೇರ ಹರಿವಿನ ಜೊತೆ ಇಳಿದಳು. ಎಂಜಿನ್ ತಗ್ಗಿಸಿ ಕೈ ಚಾಚುವಷ್ಟರಲ್ಲಿ ನೀರು ಹಿಂದಿನಿಂದ ದೂಡಿತು. ದೋಣಿ ಮಾವನ ಮೇಲೇ ಹತ್ತಿತು. ನೀರೊಳಗೆ ತಿರುಗುವ ಎಂಜಿನ್ನಿನ ರೆಕ್ಕೆ ತಗಲಿ ನೆತ್ತಿ ಬಿಚ್ಚಿಕೊಂಡು ಕಾರ್ಕಿನ ಚೂರು ಹೊಳೆಯ ತುಂಬ ಹರಡಿತು.

"ಅಕ್ಕಾ, ಮಾವನ್ನ ಮುಗಿಸೇಬಿಟ್ರಲ್ಲ!" ದಡದಿಂದ ಒಬ್ಬಳು ಕೂಗಿದಳು.

ಬೋಧಕರು ನಗಲಿಲ್ಲ. "ಹರಿವಿಗೆ ಎದುರಾಗಿ ಕೆಳಗಡೆಯಿಂದ ಬನ್ನಿ ಅಂತ ಎಷ್ಟು ಸಲ ಹೇಳಿದೀನಿ?"

"ಗೊತ್ತು ಸಾರ್. ಕೈ ಕೇಳಲಿಲ್ಲ."

"ನಿಮ್ಮ ಕೈ ಕೇಳೋವರೆಗೂ ಅವನು ಕಾಯಲ್ಲಮ್ಮ. ಗುರುವಾರ ಎರಡನೇ ಸಲ. ಅದೂ ತಪ್ಪಿದ್ರೆ ನಾನೇನೂ ಮಾಡೋಕಾಗಲ್ಲ."

ಒಡೆದವರೇ ಹೊಲಿದು ತರಬೇಕೆಂಬುದು ಕೇಂದ್ರದ ಕಟ್ಟಳೆ. ಮಾವನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಆಕೆ ಮನೆಗೆ ಬಂದಳು. ನೀರು ಸೋರಲೆಂದು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಬೋಗುಣಿ ಇಟ್ಟಳು. ಅಪ್ಪ ಎದುರಿನ ಮಂಚದಿಂದ ಬಹಳ ಹೊತ್ತು ನೋಡಿದ.

"ಯಾರೇ ಇವನು? ಮಾತೇ ಆಡಲ್ವಲ್ಲ."

"ನಾನು ಸಾಯಿಸಿದೋನು."

ಸೂಜಿಗೆ ದಾರ ಪೋಣಿಸುತ್ತಲೇ ಆಕೆ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪನಿಗೆ ಸಿಟ್ಟು ಬಂತು. "ಮೇಲಿಂದ ಬಂದದ್ದು ತಪ್ಪಾ? ನಾನು ಜೀವಮಾನವೆಲ್ಲ ಮೇಲಿಂದಲೇ ಬಂದೋನು. ಎಷ್ಟು ಜನರನ್ನ ಎತ್ತಿದೀನಿ!"

"ನಿನ್ನ ಹಾಗೇ ಬಂದೆನಪ್ಪ. ದೋಣಿ ನಿಲ್ಲಲಿಲ್ಲ."

"ಯಾಕೆ ನಿಲ್ಲಲ್ಲ? ಗಳ ಊರಿದ್ರೆ..." ಬಿದಿರಿನ ಗಳ ಹಿಡಿದವನಂತೆ ಎತ್ತಿದ್ದ ಅಪ್ಪನ ಎರಡೂ ಕೈ ಗಾಳಿಯಲ್ಲೇ ಉಳಿದವು. ಆಮೇಲೆ ತಗ್ಗಿದ ದನಿಯಲ್ಲಿ, "ಗಳ ಇದೆಯೇನೇ ನಿಮ್ಮ ದೋಣೀಲಿ?" ಎಂದ.

"ಇಲ್ಲ."

"ಮತ್ತೆ ಏನು ಊರ್ತೀಯ, ನಿನ್ನ ತಲೆನಾ? ಹರಿವಿಗೆ ಎದುರು ಗಳ ಹಾಕ್ಕೊಂಡು ಹತ್ತೋ ಹೊತ್ತಿಗೆ ಮುಳುಗೋನು ಮುಳುಗೇ ಹೋಗ್ತಾನೆ. ಅದಕ್ಕೇ ಮೇಲಿಂದ ಬಂದು, ತಳಕ್ಕೆ ಗಳ ಊರಿ ನಿಲ್ತಿದ್ದೆ. ನಿನಗೆ ಹತ್ತೋಕೆ ಎಂಜಿನ್ ಇದೆ, ನಿಲ್ಲೋಕೆ ಗಳ ಇಲ್ಲ. ನನ್ನ ಹಾಗೆ ಬಂದ್ರೆ ಆಗೋದು ಹೀಗೇ." ಅವನು ಮಾವನ ನೆತ್ತಿಯತ್ತ ಗದ್ದ ಚಾಚಿದ.

ಕೆಳಗಿನಿಂದ ಬನ್ನಿ ಎಂಬುದನ್ನು ಆಕೆ ಐದು ತಿಂಗಳು ಕೇಳಿದ್ದಳು, ಪಟದಲ್ಲಿ ಬಾಣ ಎಳೆದೂ ತೋರಿಸಿದ್ದಳು. ಆದರೆ ಅಪ್ಪ ಮೇಲಿನಿಂದ ಬರುತ್ತಿದ್ದುದೇಕೆಂದು ಯಾವತ್ತೂ ಕೇಳಿರಲಿಲ್ಲ. ನೆತ್ತಿಗೆ ಕಾಲರಿನಂತೆ ಎರಡು ಸಾಲು ಹೊಲಿಗೆ ಹಾಕಿ, ದಾರ ಕಡಿದಳು.

ಗುರುವಾರ ಬೋಧಕರು ಹೊಲಿಗೆಯ ಮೇಲೆ ಹೆಬ್ಬೆರಳು ಸವರಿದರು. "ಚೊಕ್ಕವಾಗಿದೆ. ಇದನ್ನೇ ಮಾಡ್ಕೊಂಡಿರಬಹುದಿತ್ತಲ್ಲಮ್ಮ?"

"ಮಾಡಿ ಸಾಕಾಗೇ ಬಂದದ್ದು ಸಾರ್."

ಸೀಟಿ ಊದಿದರು. ಮಾವ ಕಣ್ಣೆದುರಿಗೇ, ನೆಟ್ಟಗೆ ಕೆಳಗೆ ತೇಲುತ್ತಿದ್ದ. ಆಕೆಯ ಬಲಗೈ ತಾನಾಗಿ ಆ ಕಡೆಗೇ ದೋಣಿ ತಿರುಗಿಸಹೊರಟಿತು. ಆಕೆ ಅದನ್ನು ಎಳೆದು ಆಚೆ ದಡದ ಕಡೆ ಒತ್ತಿದಳು. ದೋಣಿ ಮಾವನನ್ನು ದೂರದಿಂದ ದಾಟಿ ಇಳಿದುಹೋಯಿತು.

"ಅಕ್ಕಾ, ಮಾವ ಹಿಂದೆ ಉಳಿದ! ಬಸ್ಸು ನಿಲ್ಲಿಸಿ!"

ಸಾಕಷ್ಟು ಕೆಳಗಿಳಿದು, ಅಗಲವಾಗಿ ತಿರುಗಿಸಿ, ಮೂತಿಯನ್ನು ಹರಿವಿಗೆ ಎದುರು ಕೊಟ್ಟಳು. ಏರುತ್ತ ಏರುತ್ತ ಎಂಜಿನ್ ತಗ್ಗಿಸಿದಾಗ, ನೀರು ಹಿಂದಕ್ಕೆ ತಳ್ಳುವುದೂ ಎಂಜಿನ್ ಮುಂದಕ್ಕೆ ಒಯ್ಯುವುದೂ ಸಮನಾಗಿ, ಗಳ ಊರಿದಂತೆ ದೋಣಿ ನಿಂತಿತು. ಪಕ್ಕದಲ್ಲಿ ಮಾವ. ಅವನ ತೋಳು ಹಿಡಿದುಕೊಂಡು ರೆಕ್ಕೆ ನಿಲ್ಲಿಸಿ, ಹಗ್ಗದ ಗಂಟು ಬಿಚ್ಚಿ, ಕಂಕುಳಿಗೆ ಕೈ ಹಾಕಿ ಒಳಗೆಳೆದಳು. ಎರಡು ನಿಮಿಷ ಐವತ್ತು ಸೆಕೆಂಡು.

ಬೋಧಕರು ಹಾಳೆಯಲ್ಲಿ ಒಂದು ಗುರುತು ಹಾಕಿ, ಮುಂದಿನವರ ಹೆಸರು ಕರೆದರು.

ಸಂಜೆ ಮನೆಗೆ ಬಂದಾಗ ಅಪ್ಪ ಖಾಲಿ ಕುರ್ಚಿಯ ಎದುರೇ ಕೂತಿದ್ದ.

"ಸಿಕ್ಕಿದನಾ?"

"ಸಿಕ್ಕಿದ."

"ತಲೆ?"

"ಇದೆ. ಒಂದು ಹೊಲಿಗೇನೂ ಬಿಟ್ಟಿಲ್ಲ."

ಅಪ್ಪ ಎದ್ದು ಕುರ್ಚಿಯ ಕೆಳಗಿದ್ದ ಬೋಗುಣಿ ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ನೀರು ಚೆಲ್ಲಿದ.